ಭಾನುವಾರದ ಸಭೆ: ವಿಕಾಸವಾದ

ಎಲ್ಲರಿಗೂ ಶರಣು.

ಈ ಭಾನುವಾರ ಬೆಳಿಗ್ಗೆ 7ಕ್ಕೆ, ಬಿಸಿಲು ಏರುವ ಮುಂಚೆ, ಕಲಬುರಗಿ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರೋಣ. ಹೈಸ್ಕೂಲಿಗೆ ವಿಜ್ಞಾನ ಕಲಿಸುವ ಸರ್, ಮೇಡಂ ಎಲ್ಲರೂ ತಪ್ಪದೆ ಬನ್ನಿ.

ಜೀವಿಗಳು ತಲೆಮಾರುಗಳ ಉದ್ದಕ್ಕೂ ನಿಧಾನವಾಗಿ ಬದಲಾಗುತ್ತಾ ಹೊಸ ಜೀವಿಗಳಾಗುತ್ತವೆ ಎನ್ನುವುದೇ ವಿಕಾಸವಾದ. ‘ಈ ವಿಕಾಸ ಆಗಿದ್ದನ್ನು ಕಣ್ಣಾರೆ ಕಂಡವರು ಯಾರು?’ ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆಯೇ. ಆದರೆ ವಿಜ್ಞಾನದಲ್ಲಿ ಕಣ್ಣಾರೆ ಕಂಡದ್ದಷ್ಟೇ ಪುರಾವೆ ಅಲ್ಲ. ಸಿದ್ಧಾಂತ ಮೊದಲೇ ಏನು ಹೇಳುತ್ತದೆ, ಹುಡುಕಿದಾಗ ಅದು ಸಿಗುತ್ತದಾ ಅಂತ ನೋಡುತ್ತಾರೆ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿ ಯಾವ ಕಾಲದ ಕಲ್ಲಿನಲ್ಲಿ ಇರಬೇಕು ಎಂದು ಲೆಕ್ಕ ಹಾಕಿಯೇ ವಿಜ್ಞಾನಿಗಳು ಕೆನಡಾದ ಉತ್ತರದ ದ್ವೀಪಕ್ಕೆ ಹೋದರು. 2004ರಲ್ಲಿ, ಸುಮಾರು 37.5 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಅಂಥ ಜೀವಿಯ ಪಳೆಯುಳಿಕೆ ಸಿಕ್ಕಿತು, ಹೆಸರು ಟಿಕ್ಟಾಲಿಕ್. ಮೈಮೇಲೆ ಮೀನಿನ ಹುರುಪೆ, ಆದರೆ ತಿರುಗಿಸಬಲ್ಲ ಕುತ್ತಿಗೆ! ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ.

ನಮ್ಮ ಶಹಾಬಾದ್ ಕಲ್ಲು ಅದಕ್ಕಿಂತ ಹಳೆಯದು, ಮೀನುಗಳೇ ಇಲ್ಲದ ಕಾಲದ್ದು. ಅದರೊಳಗೆ ನಾಳೆ ಮೊಲದ ಮೂಳೆ ಸಿಕ್ಕರೆ ವಿಕಾಸವಾದಕ್ಕೇ ಪೆಟ್ಟು. ಸೋಲುವ ದಾರಿಯನ್ನೂ ಹೀಗೆ ತೆರೆದಿಡುತ್ತಾರಲ್ಲ, ವಿಜ್ಞಾನದಲ್ಲಿ ನನಗೆ ಜಾಸ್ತಿ ಹಿಡಿಸುವುದು ಅದೇ.

ಬರುವಾಗ ಮನೆಯಲ್ಲಿ ಸುಮ್ನೆ ಬಿದ್ದಿರುವ ಪರಸಿ (ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು) ತುಂಡು ತನ್ನಿ. ಮಕ್ಕಳು ಕೇಳಿದ ಒಂದು ಪ್ರಶ್ನೆಯನ್ನೂ ಬರೆದುಕೊಂಡು ಬನ್ನಿ. ವಾದ ಎಷ್ಟಾದರೂ ಇರಲಿ, ಫಾರ್ವರ್ಡ್ ವಿಡಿಯೊ ಬೇಡ. ಯಾರ ದೇವರ ತಂಟೆಗೂ ಹೋಗುವುದಿಲ್ಲ, ಅದು ಬೇರೆ ಮಾತು.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಚಹಾ-ಸುಸಲಾ ಹೇಳಬೇಕು. ಯಾದಗಿರಿ ಕಡೆಯವರು ರೈಲಿನ ಸಮಯ ನೋಡಿ ಹೇಳಿದರೆ ಅರ್ಧ ಗಂಟೆ ಕಾಯುತ್ತೇವೆ.