ಧೂಳಿಲ್ಲದ ರಸ್ತೆ

ಮಗಾ,

ಸರ್ಕಾರಿ ಕೆಲಸಕ್ಕೆ ನೀನು ಕೊಟ್ಟ ರಾಜೀನಾಮೆ ಪತ್ರದ ಫೋಟೋ ವಾಟ್ಸಾಪಿನಲ್ಲಿ ಬಂತು. ಕೆಳಗೆ ನಿನ್ನ ಸಹಿ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ.

ಭಾನುವಾರ ರಾತ್ರಿ ಜಗಳದಲ್ಲಿ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪುಂಟು, ನನಗೂ ಉಂಟು. ಊಟ ಬಿಟ್ಟು ಎದ್ದದ್ದು ನನ್ನ ತಪ್ಪು. ಬಂಗುಡೆ ಪುಳಿಮುಂಚಿ ಹಾಗೇ ಉಳಿಯಿತು, ಅಮ್ಮ ಎರಡು ದಿನ ಮಾತಾಡಲಿಲ್ಲ.

ನೀನು ಧೂಳಿನ ಬಗ್ಗೆ ಹೇಳಿದ ಮಾತು ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ಸಣ್ಣವಳಿದ್ದಾಗ ನಮ್ಮ ಮಂಗಳೂರಿನ ನಂದಿಗುಡ್ಡೆಗೆ, ಕುದ್ಮುಲ್ ರಂಗರಾಯರ ಸಮಾಧಿಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ. ನಮ್ಮ ದಲಿತ ಜನರ ಮಕ್ಕಳು ಓದಿ, ಸರ್ಕಾರಿ ಕೆಲಸ ಹಿಡಿದು, ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಅಂದವರು ಅವರು. ನೀನು ಕಾರು ತಂದ ದಿನ ಅಮ್ಮ ದೇವಸ್ಥಾನ ಅಂದಳು, ನಾನು ನಂದಿಗುಡ್ಡೆ ಅಂದೆ. ಭಾನುವಾರ ನೀನು, ‘ಅಪ್ಪಾ, ರಸ್ತೆಗೆಲ್ಲ ಈಗ ಕಾಂಕ್ರೀಟು, ಧೂಳು ಏಳುವುದೇ ಇಲ್ಲ’ ಅಂದೆ. ಎಂತ ಮಾತು ಮಾರಾಯ್ತಿ ಅದು!

ಭಾಷಣ ಬೇಡ ಅಂತಲೇ ಪೆನ್ನು ಹಿಡಿದದ್ದು. ಆದರೂ ಸ್ವಲ್ಪ ಕೇಳು. ರಂಗರಾಯರು 1859ರಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು. ಮೊದಲು ಮೇಷ್ಟ್ರು, ಆಮೇಲೆ ವಕೀಲರು. ಸುಮ್ನೆ ಕೋರ್ಟಿಗೆ ಹೋಗಿ ಬಂದು ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ನಮ್ಮವರ ಏಳಿಗೆಗೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನುವ ಸಂಸ್ಥೆ ಕಟ್ಟಿದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು. ಕಲಿಸಲು ಮೇಲ್ಜಾತಿಯ ಮೇಷ್ಟ್ರುಗಳು ಬರಲಿಲ್ಲ, ಕ್ರೈಸ್ತರನ್ನು ಕರೆತಂದರು. ಮಕ್ಕಳಾದರೂ ಬರಬೇಕಲ್ಲ? ಹೊಟ್ಟೆಗಿಲ್ಲದ ಮನೆಯಲ್ಲಿ ಏಳು ವರ್ಷದ ಹುಡುಗನೂ ದುಡಿಯುವ ಕೈ. ಅದಕ್ಕೇ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಅವರ ಮಗಳು ರಾಧಾಬಾಯಿ ಜಾತಿ, ಭಾಷೆ ಎರಡನ್ನೂ ದಾಟಿ ತಮಿಳುನಾಡಿನ ಸುಬ್ಬರಾಯನ್ ಅವರನ್ನು ಮದುವೆಯಾದರು. 1930ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೂ ಹೋದರು. (ಕಡಲು ದಾಟಿದ ಮಗಳ ಉದಾಹರಣೆ ನಾನೇ ಕೊಡುತ್ತಿದ್ದೇನೆ ಅಂತ ಈಗ ಗೊತ್ತಾಯಿತು. ನಗಬೇಡ.)

ನನ್ನ ಅಜ್ಜ ಆ ಎರಡು ಪೈಸೆಯನ್ನು ಉಡಿದಾರಕ್ಕೆ ಗಂಟು ಹಾಕಿ ಮನೆಗೆ ತರುತ್ತಿದ್ದರಂತೆ. ಓದು ಮೂರನೇ ಕ್ಲಾಸಿಗೆ ನಿಂತಿತು. ಆದರೆ ಹೆಸರು ಬರೆಯಲು ಬರುತ್ತಿತ್ತು.

1970ರಲ್ಲಿ ಅವರ ಜೊತೆ ಒಂದು ಆಫೀಸಿಗೆ ಹೋಗಿದ್ದೆ. ಯಾವುದು ಅಂತ ಬೇಡ. ನನಗೆ ಎಂಟು ವರ್ಷ, ಗಲ್ಲ ಮೇಜಿನ ಮಟ್ಟಕ್ಕೆ ಬರುತ್ತಿತ್ತು. ಗುಮಾಸ್ತ ತಲೆ ಎತ್ತದೆ ಶಾಯಿ ಪ್ಯಾಡನ್ನು ಈಚೆಗೆ ತಳ್ಳಿದ. ಅಜ್ಜ ‘ಸಹಿ ಹಾಕುತ್ತೇನೆ’ ಅಂದರು. ಆಗ ತಲೆ ಎತ್ತಿದ. ‘ನೀನಾ? ಒತ್ತು, ಒತ್ತು’ ಅಂತ ನಕ್ಕ. ಅಜ್ಜ ಒತ್ತಿದರು. ಆಮೇಲೆ ಅಂಗಿಯ ಕಿಸೆಯಿಂದ ತುಂಡು ಪೆನ್ಸಿಲ್ ತೆಗೆದು, ಹೆಬ್ಬೆಟ್ಟಿನ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಹೆಸರು ಬರೆದರು. ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡರು. ಬಿಳಿ ಕೂದಲು, ನೀಲಿಯಾಯಿತು. ಮನೆವರೆಗೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ನಡೆದರು.

ಈ ಕತೆ ನಿನಗೆ ಹಳತು. ಆದರೆ ಆ ಪೆನ್ಸಿಲ್ ಯಾಕಿತ್ತು ಅಂತ ಯೋಚಿಸಿದ್ದೀಯಾ? ಅಜ್ಜ ಅಂಗಡಿ ಇಟ್ಟವರಲ್ಲ, ಲೆಕ್ಕ ಬರೆದವರಲ್ಲ. ಪೆನ್ನು ಸಿಗುವುದಿಲ್ಲ, ಸಹಿ ಹಾಕಲು ಬಿಡುವುದಿಲ್ಲ ಅಂತ ಗೊತ್ತಿದ್ದೇ ಮನೆಯಿಂದ ಕಿಸೆಗೆ ಹಾಕಿಕೊಂಡು ಹೊರಟಿದ್ದರು. ಬೆಳಿಗ್ಗೆ ಮೆಟ್ಟುಕತ್ತಿಯಲ್ಲಿ ಅದನ್ನು ಚೂಪು ಮಾಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗುಂಟು. ಇದು ಹೊಳೆಯಲು ನನಗೆ ಐವತ್ತು ವರ್ಷ ಬೇಕಾಯಿತು.

ನನಗೆ ಸರ್ಕಾರಿ ಕೆಲಸ ಅಂದರೆ ಆ ಮೇಜಿನ ಆಚೆ ಬದಿಯ ಕುರ್ಚಿ. ನೀನು ನಾಲ್ಕು ವರ್ಷ ಅದರಲ್ಲಿ ಕೂತೆ. ಜರ್ಮನಿಗೆ ಓದಲು ಹೋಗುತ್ತೇನೆ, ಬಿಡುತ್ತೇನೆ ಅಂದಾಗ ಅಜ್ಜನನ್ನೇ ಯಾರೋ ಆ ಕುರ್ಚಿಯಿಂದ ಎಬ್ಬಿಸಿದ ಹಾಗಾಯಿತು. ಕೂಗಾಡಿದ್ದು ಅದಕ್ಕೆ.

ನೀನು ಕೇಳಿದೆಯಲ್ಲ, ಎರಡು ಪೈಸೆ ಕೊಟ್ಟವರ ಹೆಸರು ಟೌನ್‌ಹಾಲಿಗೆ ಉಂಟು, ಬೈಗುಳ ಕೇಳಿಕೊಂಡು ಆ ಶಾಲೆಗೆ ನಡೆದು ಹೋದವರ ಹೆಸರು ಎಲ್ಲುಂಟು ಅಂತ. ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ರಂಗರಾಯರು ಕೊನೆಗೆ ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡಾಗ, ಅವರ ಇಷ್ಟದಂತೆ ಹೆಗಲು ಕೊಟ್ಟವರು ನಮ್ಮವರೇ. ಅವರ ಲೆಕ್ಕ ಅಲ್ಲಿಗೇ ಚುಕ್ತಾ ಆಗಿತ್ತೋ ಏನೋ. ನಿನ್ನ ತಲೆಯ ಮೇಲೆ ಅದನ್ನು ಇನ್ನೂ ಬರೆದಿಟ್ಟುಕೊಂಡವನು ನಾನು. ಅದು ತಪ್ಪು ಅಂತ ಒಪ್ಪುತ್ತೇನೆ. ಪೂರ್ತಿ ಅಲ್ಲ, ಮುಕ್ಕಾಲು.

ಅಲ್ಲಿ ಚಳಿ ಜಾಸ್ತಿಯಂತೆ. ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡ, ಜೆರಾಕ್ಸ್ ಕೊಡು. ಯಾರಾದರೂ ನಿನ್ನನ್ನು ಕೀಳಾಗಿ ಕಂಡರೆ ನನಗೆ ಹೇಳು. ನಾನೇನೂ ಮಾಡಲಾಗುವುದಿಲ್ಲ, ಆದರೂ ಹೇಳು. ಅಲ್ಲಿಯೂ ನಮ್ಮ ದೇಶದವರು ಇರುತ್ತಾರೆ, ‘ನಿಮ್ಮ ಸರ್‌ನೇಮ್ ಏನು’ ಅಂತ ಮೆಲ್ಲಗೆ ಕೇಳುತ್ತಾರೆ. ನನಗೆ ಚಳಿಗಿಂತ ಅದರ ಹೆದರಿಕೆ.

ಕಾರು ಮಾರಬೇಡ. ಇಲ್ಲೇ ಬಿಟ್ಟು ಹೋಗು. ನಿನ್ನೆ ಡ್ರೈವಿಂಗ್ ಸ್ಕೂಲಿನಲ್ಲಿ ವಿಚಾರಿಸಿ ಬಂದೆ. ನನ್ನ ವಯಸ್ಸಿನವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕಂತೆ, ಬೇರೆ ತೊಂದರೆ ಇಲ್ಲವಂತೆ. ಅಮ್ಮನಿಗೆ ಹೇಳಬೇಡ.

ಅಪ್ಪ