ಮೀನುಗಾರಿಕೆಯ ಹಣ ನೀರುನಾಯಿಗೂ ಸಲ್ಲಲಿ

ಮಾನ್ಯರೇ,

ಅಮೆರಿಕದಲ್ಲಿ 1937ರ ಕಾಯ್ದೆಯಡಿ ಬೇಟೆ ಬಂದೂಕು, ಮದ್ದುಗುಂಡುಗಳ ಮೇಲೆ ಶೇ 11, 1950ರ ಕಾಯ್ದೆಯಡಿ ಗಾಳದ ಸಾಮಗ್ರಿಗಳ ಮೇಲೆ ಶೇ 10 ತೆರಿಗೆ ಪಡೆದು ವನ್ಯಜೀವಿ, ಮೀನುಗಳ ಸಂರಕ್ಷಣೆಗೆ ಕೊಡುತ್ತಾರೆ. ಬೇಟೆ, ಮೀನುಗಾರಿಕೆಯ ಪರವಾನಗಿ ಶುಲ್ಕವನ್ನು ಬೇರೆ ಕೆಲಸಕ್ಕೆ ತಿರುಗಿಸುವ ರಾಜ್ಯಕ್ಕೆ ಈ ಅನುದಾನವಿಲ್ಲ. ಆ ಷರತ್ತೇ ಇಡೀ ವ್ಯವಸ್ಥೆಯ ಜೀವಾಳ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ತಡೆದಿದೆ, ಅದು ಸರಿಯೇ. ಆದರೆ ಮೀನುಗಾರಿಕೆ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯಿತು. ಹೊಳೆಯಲ್ಲಿ ಸಿಡಿಮದ್ದು ಹಾಕಿದರೆ ದೊಡ್ಡ ಮೀನಿನ ಜೊತೆ ಮರಿಗಳೂ ಸಾಯುತ್ತವೆ. ಸಣ್ಣ ಕಣ್ಣಿನ ಬಲೆ, ಒಮ್ಮೆಯೂ ಮೊಟ್ಟೆಯಿಡದ ಮೀನುಗಳನ್ನು ಬಳಿದುಬಿಡುತ್ತದೆ. ನೀರುನಾಯಿಗೆ ಉಳಿಯುವುದೇನು? ಮೀನುಗಾರಿಕೆಯ ಪರವಾನಗಿ, ಮೀನು ಹಿಡಿಯುವ ಹಕ್ಕಿನ ಹರಾಜಿನ ಹಣದಲ್ಲಿ ಒಂದು ಪಾಲು ಪ್ರತ್ಯೇಕ ಖಾತೆಗೆ ಹೋಗಲಿ. ರಾತ್ರಿ ಗಸ್ತಿನ ದೋಣಿಗೆ, ದೊಡ್ಡ ಕಣ್ಣಿನ ಬಲೆಗೆ ಬಳಕೆಯಾಗಲಿ. ಗಸ್ತಿಗೆ ಮೀನುಗಾರರನ್ನೇ ತೆಗೆದುಕೊಳ್ಳಬೇಕು. ಮಡುಗಳ ಗುರುತು ಅವರಿಗಿದೆ.

– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ