ಮಾತ್ರೆಯ ಕವರಿನ ಮೇಲೆ ಹೆಸರು ಬರೆಸಿ: ಮೂಡಿಗೆರೆ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ರಸ್ತೆ ಗುಂಡಿ, ಆನೆ ಕಾಟ, ನೆಟ್‌ವರ್ಕ್ ಇಲ್ಲದ ಊರುಗಳ ಅರ್ಜಿಗಳ ನಡುವೆ ನನ್ನದು ಸಣ್ಣ ವಿಷಯ ಅನ್ನಿಸಬಹುದು. ಬಸುರಿಯರು ಮೆಡಿಕಲ್ ಶಾಪಿನಿಂದ ತರಿಸಿಕೊಂಡು ನುಂಗುವ ನೋವಿನ ಮಾತ್ರೆ, ಶೀತದ ಮಾತ್ರೆಗಳ ವಿಷಯ. ನಾನು ಈ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿಯಾಗಿ ಎಸ್ಟೇಟ್ ಕೂಲಿಕಾರರ ಲೈನ್ ಮನೆಗಳನ್ನು ಸುತ್ತಿದವಳು, ಈಗ ನಿವೃತ್ತಳು. ಇದು ಸರಿಹೋಗಲು ಬೆಂಗಳೂರಿನ ಆದೇಶ ಬೇಕಿಲ್ಲ, ನಿಮ್ಮ ಕೈಯಲ್ಲೇ ಇದೆ ಎಂಬ ಕಾರಣಕ್ಕೆ ನಿಮಗೇ ಬರೆಯುತ್ತಿದ್ದೇನೆ.

ಕಾಫಿ ಕುಯ್ಲು ಶುರುವಾದರೆ ಬಸುರಿಯರೂ ತೋಟಕ್ಕೆ ಇಳಿಯುತ್ತಾರೆ. ದಿನವಿಡೀ ಬಗ್ಗಿ ಎದ್ದು ಸೊಂಟ ಹಿಡಿಯುತ್ತದೆ. ಕಣದ ಧೂಳಿಗೆ ಸೀನು, ಮಳೆಗಾಲದಲ್ಲಿ ಗೋಡೆಯ ಬೂಸ್ಟಿಗೆ ಮತ್ತೆ ಸೀನು. ಬಟವಾಡೆ ದಿನ ಗಂಡನೋ ಮೇಸ್ತ್ರಿಯೋ ಪೇಟೆಗೆ ಹೋಗಿ "ಸೊಂಟ ನೋವಿಗೆ ಕೊಡಿ" ಅಂದರೆ, ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಯಾರಿಗೆ ಅಂತ ಕೇಳುವುದಿಲ್ಲ. ಆ ತುಂಡಿನ ಮೇಲೆ ಹೆಚ್ಚಿನ ಸಲ ಔಷಧದ ಹೆಸರೂ ಉಳಿದಿರುವುದಿಲ್ಲ, ಡಾಕ್ಟರ ಚೀಟಿ ಬೇಕೆಂದು ಸೂಚಿಸುವ ಕೆಂಪು ಗೆರೆಯೂ ಉಳಿದಿರುವುದಿಲ್ಲ.

ಕವರಿನೊಳಗೆ ಸಾಮಾನ್ಯವಾಗಿ ಇರುವುದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಇಲ್ಲವೇ ಹೊಟ್ಟೆನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್. ಬಹಳ ಸಲ ಇವು ಪ್ಯಾರಸಿಟಮಾಲ್ ಜೊತೆ ಸೇರಿ ಒಂದೇ ಮಾತ್ರೆಯಾಗಿ ಬರುತ್ತವೆ. ಮೋಸ ಹೋಗುವುದು ಅಲ್ಲೇ. ಪ್ಯಾರಸಿಟಮಾಲ್ ಅನ್ನುವುದೊಂದೇ ಕಿವಿಗೆ ಬಿದ್ದು, ಬಸುರಿ ಧೈರ್ಯವಾಗಿ ನುಂಗುತ್ತಾಳೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಮಿಶ್ರ ಔಷಧಗಳನ್ನು ನಿಷೇಧಿಸಿದಾಗ ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ ಒಂದು ಮಾತ್ರೆಯೂ ಪಟ್ಟಿಯಲ್ಲಿತ್ತು. ಆದರೆ ಅದು 50 ಮತ್ತು 125 ಮಿಲಿಗ್ರಾಂನದ್ದು ಮಾತ್ರ, ಬೇರೆ ಪ್ರಮಾಣದವಕ್ಕೆ ಆ ನಿಷೇಧ ತಟ್ಟಲಿಲ್ಲ.

ಐದನೇ ತಿಂಗಳ ಹೊತ್ತಿಗೆ ಗರ್ಭದೊಳಗಿನ ನೀರಿನ ಬಹುಪಾಲು ಮಗುವಿನ ಮೂತ್ರವೇ. ಪ್ಯಾರಸಿಟಮಾಲ್ ಬಿಟ್ಟು ಮೇಲೆ ಹೇಳಿದ ನೋವಿನ ಮಾತ್ರೆಗಳು ಮಗುವಿನ ಮೂತ್ರಪಿಂಡದ ಕೆಲಸ ತಗ್ಗಿಸಿದರೆ ಆ ನೀರು ಕಡಿಮೆಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ, 20 ವಾರ ದಾಟಿದ ಮೇಲೆ ಇವುಗಳಿಂದ ದೂರವಿರಿ ಎಂದು ಎಚ್ಚರಿಸಿದ್ದು ಇದಕ್ಕೇ. ಕಡೆಯ ಮೂರು ತಿಂಗಳಲ್ಲಿ ಇನ್ನೊಂದು ಅಪಾಯ ಸೇರುತ್ತದೆ: ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ, ಹೃದಯದ ಪಕ್ಕದ ರಕ್ತನಾಳ ಹೊಟ್ಟೆಯಲ್ಲೇ ಮುಚ್ಚಲು ತೊಡಗಬಹುದು. ತಿಳಿಯದೆ ಒಂದೆರಡು ನುಂಗಿದವರು ಗಾಬರಿಬೀಳಬೇಕಿಲ್ಲ. ನಿಲ್ಲಿಸಿ ಡಾಕ್ಟರಿಗೆ ಹೇಳಿದರೆ ಸಾಕು. ನಿಲ್ಲಿಸಿದ ಮೇಲೆ ನೀರು ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಬಿಪಿ ಏರುವ ಅಪಾಯವಿದೆಯೆಂದು ಡಾಕ್ಟರೇ ಬರೆದುಕೊಟ್ಟ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರ ಬೇರೆ ಲೆಕ್ಕ. ಅದನ್ನು ಈ ಪತ್ರ ಓದಿ ಯಾರೂ ಬಿಡಬಾರದು.

ಹೆದರಿಕೆ ಇನ್ನೊಂದು ಕಡೆಯೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಪ್ಯಾರಸಿಟಮಾಲ್‌ಗೂ ಮಕ್ಕಳ ಆಟಿಸಂಗೂ ಗಂಟು ಹಾಕಿ ಮಾತಾಡಿದರು. ಅದು ವಾಟ್ಸಾಪ್‌ನಲ್ಲಿ ಘಾಟಿ ಹತ್ತಿ ನಮ್ಮೂರಿಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ ಆ ವಾರವೇ, ಇದಕ್ಕೆ ಖಚಿತ ಪುರಾವೆ ಇಲ್ಲ ಎಂದಿತು. ಸ್ವೀಡನ್‌ನ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನ, ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಅಂಥ ಸಂಬಂಧ ಕಂಡಿರಲಿಲ್ಲ. ಈ ಮಾತು ನಮ್ಮ ಆಶಾ ಕಾರ್ಯಕರ್ತೆಯರ ಕೈಗೆ ಸಿಗಲಿಲ್ಲ, ವಾಟ್ಸಾಪ್ ಸುದ್ದಿ ಸಿಕ್ಕಿತು. ಜ್ವರ ಏರಿದಾಗ ಬಸುರಿ ಪ್ಯಾರಸಿಟಮಾಲ್ ಬೇಡವೆಂದು ಕೂತರೆ ಆ ಜ್ವರದಿಂದಲೇ ಮಗುವಿಗೆ ತೊಂದರೆ. ಬೇಕಾದಾಗ, ಬೇಕಾದಷ್ಟೇ, ಕಡಿಮೆ ದಿನ ತೆಗೆದುಕೊಳ್ಳಲಿ. ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಮೂರರಲ್ಲೂ ಇರುವುದು ಅದೇ ಔಷಧ ಎಂಬುದೂ ಗೊತ್ತಿರಲಿ, ಒಂದರ ಮೇಲೊಂದು ನುಂಗುವವರಿದ್ದಾರೆ.

ಸೀನು, ತುರಿಕೆಗೆ ಅಷ್ಟು ಕಷ್ಟವಿಲ್ಲ. ಸೆಟಿರಿಜಿನ್, ಲೊರಾಟಡಿನ್, ಹಳೆಯ ಕ್ಲೋರ್‌ಫೆನಿರಮಿನ್ ಇವು ಬಸುರಿಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ, ಡಾಕ್ಟರರು ಕೊಡುತ್ತಾರೆ. ತೊಂದರೆ ಇರುವುದು "ಶೀತದ ಮಾತ್ರೆ" ಎಂಬ ಕಲಸುಮೇಲೋಗರದಲ್ಲಿ. ಅದರಲ್ಲಿ ಮೂಗು ಬಿಡಿಸಲು ಸೇರಿಸಿದ ಫಿನೈಲ್‌ಎಫ್ರಿನ್ ರಕ್ತನಾಳಗಳನ್ನು ಬಿಗಿಮಾಡುವ ಔಷಧ. ಮೊದಲ ಮೂರು ತಿಂಗಳಲ್ಲಿ ಯಾರಿಗೂ ಬೇಡ, ಬಿಪಿ ಇರುವವರಿಗೆ ಯಾವಾಗಲೂ ಬೇಡ. ಮೂಗಿಗೆ ಉಪ್ಪುನೀರಿನ ಹನಿ ಸಾಕು. ಉಬ್ಬಸ ಇರುವವರು ಮಗುವಿಗೆ ಏನಾದರೂ ಆದೀತೆಂದು ಇನ್‌ಹೇಲರ್ ಬಿಟ್ಟುಬಿಡುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟದ್ದು: ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೆ ಎಲ್ಲಿಂದ ಬರಬೇಕು?

ಈಗ ನಿಮ್ಮ ಕೆಲಸ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ಆ ಹಣದಲ್ಲಿ ಅಂಗೈಯಗಲದ ಒಂದು ಚೀಟಿ ಅಚ್ಚು ಹಾಕಿಸಿ, ಪ್ರತಿ ತಾಯಿ ಕಾರ್ಡಿನ ರಟ್ಟಿಗೆ ಅಂಟಿಸಿ. ಕೇಳದೆ ನುಂಗಬಾರದ ಹೆಸರುಗಳು ಕೆಂಪಿನಲ್ಲಿರಲಿ, ಕನ್ನಡದ ಜೊತೆ ತಮಿಳು, ಹಿಂದಿ, ಅಸ್ಸಾಮಿಯಲ್ಲೂ ಇರಲಿ. ಅಂಗಡಿಗೆ ಯಾರೇ ಹೋದರೂ ಆ ಕಾರ್ಡ್ ತೋರಿಸಿ ಮಾತ್ರೆ ಕೇಳುವಂತಾಗಲಿ. ತಿಂಗಳ 9ರ ಗರ್ಭಿಣಿಯರ ತಪಾಸಣೆಗೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತನ್ನಿ ಎಂದು ಹೇಳಿಸಿ.

ಎರಡನೆಯದು, ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಕೇಳಬೇಕಾದದ್ದು. ಡೈಕ್ಲೋಫೆನಾಕ್ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಕಾನೂನೇ ಇದೆ. ದೂರದ ಲೈನಿನಿಂದ ಪ್ರತಿ ಸೊಂಟ ನೋವಿಗೂ ಡಾಕ್ಟರನ್ನು ಹುಡುಕಿ ಹೋಗುವುದು ಆಗದ ಮಾತು, ಅಂಗಡಿಯವರನ್ನೇ ಬೈದು ಪ್ರಯೋಜನವಿಲ್ಲ. ಆದರೆ ಕತ್ತರಿಸಿ ಕೊಟ್ಟ ಮಾತ್ರೆಯ ಕವರಿನ ಮೇಲೆ ಔಷಧದ ಹೆಸರನ್ನು ಪೆನ್ನಿನಲ್ಲಿ ಬರೆಯಲು ಅರ್ಧ ನಿಮಿಷ ಬೇಡ. "ಮನೆಯಲ್ಲಿ ಬಸುರಿ ಇದ್ದಾರಾ?" ಎಂದು ಕೇಳಲು ಅಷ್ಟೂ ಬೇಡ. ಔಷಧ ನಿಯಂತ್ರಣ ಇಲಾಖೆಯವರನ್ನೂ ಅಂಗಡಿ ಮಾಲೀಕರನ್ನೂ ಒಮ್ಮೆ ಎದುರುಬದುರು ಕೂರಿಸಿ ಇಷ್ಟನ್ನು ಒಪ್ಪಿಸಿ.

ನವೆಂಬರ್ ಕುಯ್ಲಿಗೆ ಮುಂಚೆ ಚೀಟಿ ಅಚ್ಚಾಗಿ ಬಂದರೆ ಲೈನ್ ಮನೆಗಳಿಗೆ ಹಂಚಲು ನಾನೂ ಬರುತ್ತೇನೆ. ತುಳು, ತಮಿಳು ಮಾತಾಡಿ ನಿಭಾಯಿಸಬಲ್ಲೆ. ಅಸ್ಸಾಮಿಗೆ ಮಾತ್ರ ಯಾರನ್ನಾದರೂ ಜೊತೆಗೆ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕಿ, ಮೂಡಿಗೆರೆ ತಾಲ್ಲೂಕು